ಜೀವವಿಕಾಸ ಮತ್ತು ನಂಬಿಕೆ: ವಿದ್ಯಾರ್ಥಿಗಳು ಖರ್ಚಿಲ್ಲದೆ ಕವಲು ಕಿರುಚಿತ್ರ ಮಾಡುವ ಬಗೆ

ಕತೆ ಯಾವ ದಾರಿಯಲ್ಲಿ ಸಾಗಬೇಕೆಂಬುದನ್ನು ಪ್ರೇಕ್ಷಕರೇ ಆರಿಸುವ ಕಿರುಚಿತ್ರ ಮಾಡಲು ಒಂದು ಮೊಬೈಲು, ಒಂದು ಲ್ಯಾಪ್‌ಟಾಪು ಮತ್ತು ನಾಲ್ಕೈದು ಜನ ಸಹಪಾಠಿಗಳು ಇದ್ದರೆ ಸಾಕು. ಆದರೆ ಜೀವವಿಕಾಸ ಮತ್ತು ದೈವನಂಬಿಕೆಯಂಥ ವಿಷಯವನ್ನು ಕೈಗೆತ್ತಿಕೊಂಡಾಗ ಹಣದ ಕೊರತೆಗಿಂತ ದೊಡ್ಡ ತೊಡಕು ಎದುರಾಗುತ್ತದೆ: ಪ್ರೇಕ್ಷಕರ ಮುಂದೆ ಯಾವ ಆಯ್ಕೆಯನ್ನು ಇಡಬೇಕು? ‘ಡಾರ್ವಿನ್ ಹೇಳಿದ್ದು ಸರಿಯೋ, ಪುರಾಣ ಹೇಳಿದ್ದು ಸರಿಯೋ’ ಎಂದು ಕೇಳಿ ಎರಡು ಗುಂಡಿ ಇಟ್ಟರೆ ಚಿತ್ರ ಅಲ್ಲಿಗೇ ಸೋಲುತ್ತದೆ. ಎಷ್ಟು ಜನ ಕೈಯೆತ್ತಿದರೂ ಪಳೆಯುಳಿಕೆಯ ವಯಸ್ಸು ಬದಲಾಗುವುದಿಲ್ಲ, ಒಬ್ಬ ಹಿರಿಯರ ಭಕ್ತಿಯನ್ನು ಮತದಾನಕ್ಕೆ ಹಾಕುವುದೂ ತರವಲ್ಲ. ಆದ್ದರಿಂದ ವಿಜ್ಞಾನದ ಸಂಗತಿಗಳು ಎಲ್ಲ ಕವಲುಗಳಲ್ಲೂ ಒಂದೇ ಆಗಿರಲಿ. ಆ ಸಂಗತಿಯನ್ನು ತಿಳಿದ ಹುಡುಗಿಯೊಬ್ಬಳು ಮನೆಯಲ್ಲಿ ಏನು ಮಾಡುತ್ತಾಳೆ, ಯಾರೊಡನೆ ಹೇಗೆ ಮಾತನಾಡುತ್ತಾಳೆ ಎಂಬುದನ್ನು ಮಾತ್ರ ಪ್ರೇಕ್ಷಕರು ಆರಿಸಲಿ. ಮುಂದೆ ಹೇಳುವುದೆಲ್ಲವೂ ಈ ನಿಯಮವನ್ನೇ ಆಧರಿಸಿದೆ.

ವಸ್ತುವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕರ್ನಾಟಕದ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದೆ. ನೇಪಾಳದ ಗಂಡಕೀ ನದಿಯಿಂದ ಬರುವ ಈ ಕಪ್ಪು ಕಲ್ಲುಗಳಲ್ಲಿ ಕಾಣುವ ಚಕ್ರ ಅಮೋನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನ ಗುರುತು. ಹಿಮಾಲಯ ಮೇಲೇಳುವುದಕ್ಕೆ ಬಹಳ ಮುಂಚೆ, ಸುಮಾರು 15 ಕೋಟಿ ವರ್ಷಗಳ ಹಿಂದೆ, ಅಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಈ ಜೀವಿಗಳು ಈಜುತ್ತಿದ್ದವು, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದಲ್ಲಿಯೇ, ಇವುಗಳ ಕುಲವೂ ಅಳಿಯಿತು. ಅದೇ ಕಲ್ಲಿಗೆ ಪುರಾಣದ ಕತೆಯೂ ಇದೆ: ವೃಂದೆಯ ಶಾಪದಿಂದ ವಿಷ್ಣು ಶಿಲೆಯಾದನು, ವಜ್ರಕೀಟವು ಆ ಶಿಲೆಯನ್ನು ಕೊರೆದು ಚಕ್ರವನ್ನು ಮೂಡಿಸಿತು. ಸಾಲಿಗ್ರಾಮಕ್ಕೆ ಪ್ರಾಣಪ್ರತಿಷ್ಠೆ ಬೇಕಾಗಿಲ್ಲ, ಅದು ಸ್ವತಃ ಸನ್ನಿಧಿ ಎಂಬುದು ಪೂಜಿಸುವವರ ನಂಬಿಕೆ. ಜೀವವಿಕಾಸದ ಸಾಕ್ಷಿಯೂ ಆರಾಧನೆಯ ವಸ್ತುವೂ ಒಂದೇ ಅಂಗೈಯಲ್ಲಿ ಹಿಡಿಸುವಾಗ ಚಿತ್ರಕ್ಕೆ ಬೇರೆ ಸಂಕೇತಗಳ ಅಗತ್ಯವಿಲ್ಲ. ಪದವಿಯ ಮೊದಲ ವರ್ಷದಲ್ಲಿರುವ ಮೊಮ್ಮಗಳು, ದಿನವೂ ಪೂಜೆ ಮಾಡುವ ಅಜ್ಜ, ಇಬ್ಬರ ನಡುವೆ ಈ ಕಲ್ಲು: ಇಷ್ಟು ಸಾಕು.

ಚಿತ್ರಕತೆಗೆ ಕೂರುವ ಮುನ್ನ ವಿಜ್ಞಾನವನ್ನು ಗಟ್ಟಿ ಮಾಡಿಕೊಳ್ಳಿ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿರುವುದರಿಂದ, ನಿಮ್ಮ ಪ್ರೇಕ್ಷಕರಲ್ಲಿ ಕೆಲವರು ಅದನ್ನು ತರಗತಿಯಲ್ಲಿ ಓದಿಯೇ ಇರಲಾರರು. ಚಿತ್ರವು ತನ್ನಷ್ಟಕ್ಕೆ ತಾನೇ ಅರ್ಥವಾಗುವಂತಿರಬೇಕು. ಬರಿಯ ‘ಹಳೆಯ ಪ್ರಾಣಿ’ ಎಂದರೆ ಅದು ವಯಸ್ಸಿನ ಮಾತಾಯಿತೇ ಹೊರತು ವಿಕಾಸದ ಮಾತಾಗಲಿಲ್ಲ. ಅಮೋನೈಟ್‌ನ ಚಿಪ್ಪಿನೊಳಗೆ ಕೋಣೆಗಳಿವೆ. ಕೋಣೆಯ ಗೋಡೆ ಹೊರಚಿಪ್ಪನ್ನು ಸೇರುವಲ್ಲಿ ಒಂದು ಗೆರೆ ಮೂಡುತ್ತದೆ. ಈ ಗುಂಪಿನ ಬಹಳ ಹಿಂದಿನ ಜೀವಿಗಳಲ್ಲಿ ಆ ಗೆರೆ ಸರಳವಾಗಿದ್ದರೆ, ಮುಂದಿನ ಕಾಲದ ಹಲವು ಜೀವಿಗಳಲ್ಲಿ ಅದು ಎಲೆಯಂಚಿನಂತೆ ಒಡೆದು ಕವಲಾಗಿದೆ. ಕಲ್ಲಿನ ಪದರದಿಂದ ಪದರಕ್ಕೆ ಅಮೋನೈಟ್‌ಗಳ ರೂಪ ಎಷ್ಟು ಬೇಗ ಬದಲಾಗುತ್ತದೆಂದರೆ, ಭೂವಿಜ್ಞಾನಿಗಳು ಅವುಗಳನ್ನೇ ನೋಡಿ ಪದರದ ಕಾಲವನ್ನು ಗುರುತಿಸುತ್ತಾರೆ. ಇನ್ನೊಂದು ಸಂಗತಿಯನ್ನು ಪ್ರೇಕ್ಷಕರ ಮುಂದೆ ಪ್ರಶ್ನೆಯಾಗಿಯೇ ಇಡಬಹುದು: ಈ ಜೀವಿ ಬಸವನ ಹುಳುವಿಗೆ ಹತ್ತಿರದ ನೆಂಟನೋ, ಆಕ್ಟೋಪಸ್‌ಗೋ? ಆಕಾರ ನೋಡಿದರೆ ಬಸವನ ಹುಳು ಎನ್ನಿಸುತ್ತದೆ. ನಿಜವಾದ ನೆಂಟರು ಆಕ್ಟೋಪಸ್ ಮತ್ತು ಸ್ಕ್ವಿಡ್‌ಗಳು.

ಈ ಗೆರೆಗಳನ್ನು ತೋರಿಸಲು ಗ್ರಾಫಿಕ್ಸ್ ಬೇಕಿಲ್ಲ. ಸಾರಿಸಿದ ನೆಲ ಅಥವಾ ಕಪ್ಪು ಕಡಪ ಕಲ್ಲಿನ ಮೇಲೆ ರಂಗೋಲಿ ಪುಡಿಯಿಂದ ಸುರುಳಿಯನ್ನು ಸ್ವಲ್ಪ ಸ್ವಲ್ಪವೇ ಬೆಳೆಸುತ್ತ, ಮೊಬೈಲನ್ನು ನೆತ್ತಿಯ ಮೇಲೆ ಅಲುಗದಂತೆ ಕಟ್ಟಿ, ಪ್ರತಿ ಚಿಟಿಕೆಗೂ ಒಂದು ಫೋಟೊ ತೆಗೆಯಿರಿ. ಸೆಕೆಂಡಿಗೆ 12 ಫೋಟೊ ಎಂದರೆ ಹತ್ತು ಸೆಕೆಂಡಿನ ದೃಶ್ಯಕ್ಕೆ 120 ಫೋಟೊ. ಕಿಟಕಿಯ ಬೆಳಕು ಮೋಡಕ್ಕೆ ತಕ್ಕಂತೆ ಏರಿಳಿಯುವುದರಿಂದ ಈ ಕೆಲಸವನ್ನು ರಾತ್ರಿ, ಒಂದೇ ಬಲ್ಬಿನಡಿ ಮಾಡುವುದು ಮೇಲು. ಫ್ಯಾನು ಆರಿಸಿರಲಿ, ಇಲ್ಲದಿದ್ದರೆ ಪುಡಿ ಹಾರುತ್ತದೆ. ಅಜ್ಜಿಯ ಪಾತ್ರವಿದ್ದರೆ ಸುರುಳಿಯನ್ನು ಎಳೆಯುವ ಕೈ ಅವರದೇ ಆಗಲಿ.

ವಿದ್ಯಾರ್ಥಿಗಳು ಸಹಜವಾಗಿ ಜಾರುವ ಕಡೆ ಒಂದಿದೆ. ಮತ್ಸ್ಯ, ಕೂರ್ಮ, ವರಾಹ ಎಂಬ ದಶಾವತಾರದ ಅನುಕ್ರಮವನ್ನು ಜೀವವಿಕಾಸದೊಡನೆ ಹೊಂದಿಸಿ ಎರಡೂ ಒಂದೇ ಎಂದು ಚಿತ್ರವನ್ನು ಮುಗಿಸುವ ಆಸೆ ಹುಟ್ಟುತ್ತದೆ. ದಯವಿಟ್ಟು ಬೇಡ. ಜೀವವಿಕಾಸದ ತಿರುಳಿರುವುದು ಸಮಾನ ಪೂರ್ವಜರಲ್ಲಿ ಮತ್ತು ನಿಸರ್ಗದ ಆಯ್ಕೆಯಲ್ಲಿ, ಅಂದರೆ ಪರಿಸರಕ್ಕೆ ಹೊಂದುವ ಗುಣವುಳ್ಳ ಜೀವಿಗಳೇ ಹೆಚ್ಚು ಉಳಿದು ಸಂತತಿ ಬೆಳೆಸುವುದರಲ್ಲಿ. ಆಮೆಯ ವಂಶದಿಂದ ಹಂದಿ ಹುಟ್ಟಿತೆಂದು ಪುರಾಣವೂ ಹೇಳುವುದಿಲ್ಲ, ವಿಜ್ಞಾನವೂ ಹೇಳುವುದಿಲ್ಲ. ಇಂಥ ಹೊಂದಾಣಿಕೆಯಿಂದ ವಿಜ್ಞಾನವೂ ಕೆಡುತ್ತದೆ, ಅವತಾರದ ಕಲ್ಪನೆಯೂ ಬಡವಾಗುತ್ತದೆ. ಅಭಿಪ್ರಾಯ ಬೇರೆಯಾದರೂ ಮಾತು ಮುರಿಯದಿರಲು ಸಾಧ್ಯವೆಂಬುದಕ್ಕೆ ಇತಿಹಾಸದಲ್ಲೇ ಉದಾಹರಣೆಗಳಿವೆ. 1859ರಲ್ಲಿ ಜೀವವಿಕಾಸದ ಕುರಿತ ಡಾರ್ವಿನ್ನರ ಕೃತಿ ಹೊರಬಂದಾಗ ಅಮೆರಿಕದಲ್ಲಿ ಅದರ ಪರವಾಗಿ ನಿಂತವರು ಹಾರ್ವರ್ಡಿನ ಸಸ್ಯವಿಜ್ಞಾನಿ, ಶ್ರದ್ಧಾವಂತ ಕ್ರೈಸ್ತ ಏಸಾ ಗ್ರೇ. ಸೃಷ್ಟಿಯಲ್ಲಿ ದೈವಸಂಕಲ್ಪವಿದೆಯೇ ಎಂಬ ಬಗ್ಗೆ ಇಬ್ಬರಿಗೂ ಒಮ್ಮತವಾಗಲಿಲ್ಲ, ಆದರೂ ಪತ್ರ ಬರೆಯುವುದನ್ನು ಇಬ್ಬರೂ ನಿಲ್ಲಿಸಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ವಿಕಾಸವಾದವನ್ನು ತಳಿವಿಜ್ಞಾನದೊಡನೆ ಬೆಸೆದವರಲ್ಲಿ ಪ್ರಮುಖರಾದ ಥಿಯೋಡೋಸಿಯಸ್ ಡಾಬ್‌ಜಾನ್ಸ್ಕಿಯವರೂ ಆರ್ಥೊಡಾಕ್ಸ್ ಕ್ರೈಸ್ತರಾಗಿದ್ದರು. ಇವರ ಹೆಸರುಗಳನ್ನು ಚಿತ್ರದಲ್ಲಿ ಹೇಳಿಸಬೇಕಿಲ್ಲ, ಸಂಭಾಷಣೆ ಬರೆಯುವವರ ಮನಸ್ಸಿನಲ್ಲಿ ಅವರಿದ್ದರೆ ಸಾಕು.

ಈಗ ಕವಲುಗಳ ಲೆಕ್ಕ. ಮೊದಲ ಎರಡು ಕಡೆ ಎರಡೆರಡು, ಕೊನೆಗೆ ಮೂರು ಆಯ್ಕೆಗಳನ್ನು ಕೊಟ್ಟು ಪ್ರತಿಯೊಂದು ಕವಲನ್ನೂ ಬೇರೆಯಾಗಿಯೇ ಬೆಳೆಸಿದರೆ 19 ತುಣುಕುಗಳನ್ನು ಚಿತ್ರೀಕರಿಸಬೇಕಾಗುತ್ತದೆ. ಪ್ರತಿ ಕವಲಿನ ನಂತರ ದಾರಿಗಳನ್ನು ಮತ್ತೆ ಒಂದೇ ದೃಶ್ಯಕ್ಕೆ ಕೂಡಿಸಿದರೆ ಹತ್ತು ತುಣುಕು ಸಾಕು: ಆರಂಭ, ಎರಡು ಕವಲು, ಕೂಡುದೃಶ್ಯ, ಮತ್ತೆ ಎರಡು ಕವಲು, ಮತ್ತೊಂದು ಕೂಡುದೃಶ್ಯ, ಮೂರು ಮುಕ್ತಾಯ. ತುಣುಕಿಗೆ ಒಂದು ನಿಮಿಷದಂತೆ ಹಿಡಿದರೆ ನೀವು ಹತ್ತು ನಿಮಿಷ ಚಿತ್ರೀಕರಿಸುತ್ತೀರಿ, ಪ್ರೇಕ್ಷಕರು ಒಮ್ಮೆಗೆ ಆರು ನಿಮಿಷ ನೋಡುತ್ತಾರೆ. ಆಯ್ಕೆಯ ಮಾತುಗಳು ಕ್ರಿಯೆಯ ರೂಪದಲ್ಲಿರಲಿ. ಪಾಠ ಕೇಳಿ ಮನೆಗೆ ಬಂದ ಮೊಮ್ಮಗಳು ಪೂಜೆಯ ನಡುವೆಯೇ ಬಾಯಿ ತೆರೆಯುತ್ತಾಳೋ, ತೀರ್ಥ ತೆಗೆದುಕೊಳ್ಳುವವರೆಗೆ ಕಾಯುತ್ತಾಳೋ? ಎರಡೂ ದಾರಿಯಲ್ಲಿ ಅವಳು ಹೇಳುವುದು ಒಂದೇ: “ಅಜ್ಜ, ಈ ಚಕ್ರ ಇದೆಯಲ್ಲ, ಇದು ಹಿಂದೆ ಸಮುದ್ರದಲ್ಲಿದ್ದ ಒಂದು ಪ್ರಾಣಿಯ ಚಿಪ್ಪಂತೆ.” ಮೊದಲ ದಾರಿಯಲ್ಲಿ ಅಜ್ಜನ ಮಂತ್ರ ಅರ್ಧಕ್ಕೆ ನಿಲ್ಲುತ್ತದೆ, ಎರಡನೆಯದರಲ್ಲಿ ಅವರು ಕಲ್ಲನ್ನು ಒರೆಸುತ್ತ ಕೇಳುತ್ತಾರೆ: “ಹೌದೇನು ಮಗಾ? ಹಾಗಾದರೆ ಅದು ಇಲ್ಲಿಯವರೆಗೆ ಹೇಗೆ ಬಂತು, ಅದನ್ನೂ ಹೇಳು.”

ಕೂಡುದೃಶ್ಯವೇ ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಜಗಳವಾಡಿ ಬಂದ ಮುಖಕ್ಕೂ ನಕ್ಕು ಬಂದ ಮುಖಕ್ಕೂ ಆ ದೃಶ್ಯ ಹೊಂದಬೇಕು. ಇದಕ್ಕೆ ಸುಲಭದ ಉಪಾಯವೆಂದರೆ ಕೂಡುದೃಶ್ಯವನ್ನು ಮುಖದಿಂದ ಆರಂಭಿಸದೆ ಕೈಯಿಂದಲೋ ವಸ್ತುವಿನಿಂದಲೋ ಆರಂಭಿಸುವುದು: ಹರಿವಾಣದಲ್ಲಿ ಉಳಿದ ತುಳಸಿ, ದೇವರ ಪೆಟ್ಟಿಗೆಯ ಮುಚ್ಚಳ ಹಾಕುವ ಬೆರಳು. ದೀಪದ ಎಣ್ಣೆ, ಹೂವು ಬಾಡಿರುವ ಮಟ್ಟ, ಗಡಿಯಾರದ ಮುಳ್ಳು ಎರಡೂ ಕವಲಿಗೆ ಸರಿಹೊಂದುತ್ತವೆಯೇ ಎಂದು ನೋಡಿಕೊಳ್ಳಲು ಒಬ್ಬರನ್ನು ಪ್ರತ್ಯೇಕವಾಗಿ ನೇಮಿಸಿ; ಪ್ರತಿ ಶಾಟ್ ಮುಗಿದಾಗಲೂ ಅವರು ಒಂದು ಫೋಟೊ ತೆಗೆದಿಟ್ಟುಕೊಳ್ಳಲಿ. ಜತೆಗೆ ಪ್ರತಿ ಕವಲಿನ ಬಳಿ ಇಪ್ಪತ್ತು ಸೆಕೆಂಡಿನ ಒಂದು ‘ಕಾಯುವ ಶಾಟ್’ ಬೇಕು. ಪ್ರೇಕ್ಷಕರು ಆರಿಸುವವರೆಗೆ ಅದೇ ಮರುಕಳಿಸುತ್ತಿರಬೇಕಾದ್ದರಿಂದ ಪಾತ್ರವು ಮೊದಲಲ್ಲೂ ಕೊನೆಯಲ್ಲೂ ಒಂದೇ ಭಂಗಿಯಲ್ಲಿರಲಿ.

ಚಿತ್ರೀಕರಣದಲ್ಲಿ ಮನೆಯ ಮರ್ಯಾದೆ ಮೊದಲು. ಮಡಿಯಲ್ಲಿರುವವರನ್ನಾಗಲಿ ಪೂಜೆಯ ಸಾಮಗ್ರಿಯನ್ನಾಗಲಿ ಮುಟ್ಟುವಂತಿಲ್ಲವಾದ್ದರಿಂದ, ಹಿರಿಯರು ಸ್ನಾನ ಮುಗಿಸುವ ಮೊದಲೇ ಟ್ರೈಪಾಡ್ ನಿಲ್ಲಿಸಿ ಹೊರಬನ್ನಿ. ಟ್ರೈಪಾಡ್ ಇಲ್ಲದಿದ್ದರೆ ಪುಸ್ತಕಗಳ ನಡುವೆ ಮೊಬೈಲ್ ಸಿಕ್ಕಿಸಬಹುದು. ನಿಜವಾದ ಸಾಲಿಗ್ರಾಮವನ್ನು ನಟನೆಗೆ ಕೇಳಬೇಡಿ. ಮನೆಯವರು ಒಪ್ಪಿದರೆ ನಿತ್ಯದ ಅಭಿಷೇಕವನ್ನು ದೂರದಿಂದ ಚಿತ್ರಿಸಿ, ಹತ್ತಿರದ ಶಾಟ್‌ಗಳಿಗೆ ಜೇಡಿಮಣ್ಣಿನ ಮೇಲೆ ಸುರುಳಿ ಒತ್ತಿ ಕಪ್ಪು ಬಣ್ಣ ಬಳಿದ ಪ್ರತಿಕೃತಿಯನ್ನು ಬಳಸಿ. ಭೂವಿಜ್ಞಾನ ವಿಭಾಗವಿರುವ ಕಾಲೇಜಾದರೆ ಅಲ್ಲಿನ ಅಮೋನೈಟ್ ಮಾದರಿಯನ್ನು ಕೇಳಿ ನೋಡಬಹುದು. ತಮಿಳುನಾಡಿನ ಅರಿಯಲೂರು ಮತ್ತು ಗುಜರಾತಿನ ಕಚ್ಛ್‌ನಲ್ಲಿ ಇವು ಸಿಗುತ್ತವೆ. ಕ್ಯಾಮೆರಾದ ಪರದೆಯನ್ನು ಒತ್ತಿ ಹಿಡಿದು ಬೆಳಕು ಮತ್ತು ಫೋಕಸನ್ನು ಲಾಕ್ ಮಾಡದಿದ್ದರೆ ದೀಪದ ಜ್ವಾಲೆ ಅಲುಗಿದಂತೆಲ್ಲ ಚಿತ್ರದ ಬೆಳಕೂ ಏರಿಳಿಯುತ್ತದೆ.

ಧ್ವನಿಗೆ ಸಹಪಾಠಿಯೊಬ್ಬರ ಮೊಬೈಲನ್ನು ನಟರ ಹತ್ತಿರ, ಕ್ಯಾಮೆರಾಕ್ಕೆ ಕಾಣದಂತೆ ಇಡಿ. ಶಾಟ್ ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎಡಿಟಿಂಗ್‌ನಲ್ಲಿ ಎರಡನ್ನೂ ಹೊಂದಿಸುವುದು ಸುಲಭ. ಯಾರೂ ಮಾತನಾಡದ ಕೋಣೆಯ ಸದ್ದನ್ನು ಅರ್ಧ ನಿಮಿಷ ಬೇರೆಯಾಗಿ ಹಿಡಿದಿಟ್ಟರೆ ಕಾಯುವ ಶಾಟ್‌ಗಳಿಗೆ ಅದೇ ಒದಗುತ್ತದೆ. ಸಿನಿಮಾ ಹಾಡುಗಳನ್ನೂ ಧ್ವನಿಸುರುಳಿಯ ಸ್ತೋತ್ರಗಳನ್ನೂ ಬಳಸಬೇಡಿ, ಅವುಗಳಿಗೆ ಹಕ್ಕುದಾರರಿರುತ್ತಾರೆ, ಸಹಪಾಠಿಯೊಬ್ಬರಿಂದ ಹಾಡಿಸಿ. ಎಡಿಟಿಂಗ್‌ಗೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಉಚಿತವಾಗಿ ಸಿಗುತ್ತವೆ.

ಕವಲುಗಳನ್ನು ಜೋಡಿಸಲು ಟ್ವೈನ್ ಎಂಬ ಉಚಿತ ಸಾಧನವಿದೆ. ಅದರಲ್ಲಿ ಪ್ರತಿ ತುಣುಕಿಗೆ ಒಂದು ಪುಟ ಮಾಡಿ, ವಿಡಿಯೊ ಟ್ಯಾಗಿನಲ್ಲಿ (ವೆಬ್ ಪುಟದಲ್ಲಿ ವಿಡಿಯೊ ತೋರಿಸುವ <video> ಎಂಬ ಸಂಕೇತದಲ್ಲಿ) ಫೈಲಿನ ಹೆಸರು ಕೊಟ್ಟು, ಮುಂದಿನ ಪುಟದ ಹೆಸರನ್ನು [[ ]] ಎಂಬ ಜೋಡಿ ಚೌಕ ಆವರಣದಲ್ಲಿ ಬರೆದರೆ ಕೊಂಡಿ ಸಿದ್ಧ. ಕಾಯುವ ಶಾಟ್‌ಗೆ ಬೇರೆ ಪುಟವಿರಲಿ, ಅಲ್ಲಿ ವಿಡಿಯೊ ಮರುಕಳಿಸುವಂತೆ ಮಾಡಿ ಆಯ್ಕೆಗಳನ್ನು ಕೆಳಗೆ ಕೊಡಿ. ಬ್ರೌಸರ್‌ಗಳು ಬಳಕೆದಾರರು ಕ್ಲಿಕ್ ಮಾಡುವ ಮೊದಲು ಧ್ವನಿಯಿರುವ ವಿಡಿಯೊವನ್ನು ತಾವಾಗಿ ಓಡಿಸಲು ಸಾಮಾನ್ಯವಾಗಿ ಬಿಡುವುದಿಲ್ಲವಾದ್ದರಿಂದ ಮೊದಲ ಪುಟದಲ್ಲಿ ಶೀರ್ಷಿಕೆ ಮತ್ತು ‘ಆರಂಭಿಸಿ’ ಎಂಬ ಕೊಂಡಿ ಮಾತ್ರ ಇರಲಿ. ಫೈಲುಗಳಿಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ, ನಡುವೆ ಜಾಗ ಬಿಡದೆ ಹೆಸರಿಡಿ. ಟ್ವೈನನ್ನು ಬ್ರೌಸರಿನಲ್ಲಿ ಬಳಸುವವರ ಕೆಲಸ ಆ ಬ್ರೌಸರಿನಲ್ಲಿಯೇ ಉಳಿದಿರುತ್ತದೆ, ಅದರ ದತ್ತಾಂಶ ಅಳಿಸಿದರೆ ಕತೆಯೂ ಹೋಗುತ್ತದೆ. ದಿನದ ಕೊನೆಗೆ ಫೈಲಾಗಿ ಇಳಿಸಿಟ್ಟುಕೊಳ್ಳುವುದನ್ನು ಮರೆಯಬೇಡಿ.

ಇಷ್ಟಕ್ಕೆಲ್ಲ ಮೊದಲೇ, ಚಿತ್ರಕತೆ ಕಾಗದದ ಮೇಲಿರುವಾಗ, ಇಬ್ಬರಿಗೆ ಓದಿ ಹೇಳಿ: ಜೀವವಿಜ್ಞಾನ ಕಲಿಸುವವರೊಬ್ಬರಿಗೆ, ಮನೆಯಲ್ಲಿ ಪೂಜೆ ಮಾಡುವವರೊಬ್ಬರಿಗೆ. ಅಜ್ಜನ ಮಾತು ಪೂಜೆ ಮಾಡುವವರಿಗೆ ತಮ್ಮದೆನಿಸದಿದ್ದರೆ ಆ ಸಂಭಾಷಣೆಯನ್ನು ಮತ್ತೆ ಬರೆಯಬೇಕು, ಅದರಲ್ಲಿ ರಿಯಾಯಿತಿ ಬೇಡ. ಪ್ರದರ್ಶನದ ದಿನ ಒಬ್ಬರು ಲ್ಯಾಪ್‌ಟಾಪಿನ ಮುಂದೆ ಕೂತು, ಕೈಯೆತ್ತಿದವರನ್ನು ಎಣಿಸಿ ಕ್ಲಿಕ್ ಮಾಡಲಿ. ಮುಗಿದ ಮೇಲೆ ಸೋತ ಆಯ್ಕೆಗಳ ದಾರಿಯನ್ನೂ ಒಮ್ಮೆ ತೋರಿಸಿ. ಇಂಟರ್ನೆಟ್ ಬೇಕಾಗಿಲ್ಲ, ಆದರೆ ಟ್ವೈನ್‌ನ ಫೈಲು ಮತ್ತು ಎಲ್ಲ ವಿಡಿಯೊಗಳು ಒಂದೇ ಫೋಲ್ಡರಿನಲ್ಲಿರಬೇಕು. ಆ ಫೋಲ್ಡರನ್ನು ಇಡಿಯಾಗಿ ಎರಡು ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿಟ್ಟು, ಸಭಾಂಗಣದ ಲ್ಯಾಪ್‌ಟಾಪಿನಲ್ಲಿಯೇ ಹಿಂದಿನ ದಿನ ಪ್ರತಿ ಕವಲನ್ನೂ ಒತ್ತಿ ನೋಡಿ.