ಕೆರೆ ಇಲ್ಲದೆ ಬಾತು: ವಿಜಯಪುರದ ಹಿತ್ತಲಿನ ಲೆಕ್ಕ

"ಕುಡಿಯಾಕ ನೀರಿಲ್ಲದ ಊರಾಗ ಬಾತು ಸಾಕ್ತಿಯೇನಪಾ?" ಎಂದವರೇ ಈಗ ಮೊಟ್ಟೆ ಕೇಳಿಕೊಂಡು ಬರುತ್ತಾರೆ.

ಬಾತಿಗೆ ಕೆರೆ ಬೇಕೇ ಬೇಕು ಅಂತೇನಿಲ್ಲ. ಕಣ್ಣು, ಮೂಗು ತೊಳೆದುಕೊಳ್ಳಲು ತಲೆ ಪೂರ್ತಿ ಮುಳುಗಬೇಕು, ಅಷ್ಟೇ. ಮೊದಲು ದೊಡ್ಡ ಟಬ್ ಇಟ್ಟಿದ್ದೆ. ಸಂಜೆಯೊಳಗೆ ರಾಡಿ. ದಿನಾ ನಲವತ್ತು ಲೀಟರ್ ಚೆಲ್ಲೋದು ಯಾರಿಂದ ಆಗುತ್ತದೆ? ಈಗ ಮುಚ್ಚಳ ಇರುವ ಬಕೆಟ್, ಬದಿಯಲ್ಲಿ ತಲೆ ಹೋಗುವಷ್ಟೇ ತೂತು. ಹದಿನೈದು ಲೀಟರಿನಲ್ಲಿ ಆರು ಬಾತಿನ ದಿನ ಮುಗಿಯುತ್ತದೆ. ರಾಡಿ ನೀರು ಬಾಳೆಗೆ. ನಳ ಬಂದ ದಿನ ಮಾತ್ರ ಟಬ್ಬಿನಲ್ಲಿ ಈಜು.

ದುಡ್ಡು ಕಳೆದದ್ದು ಬೇರೆ ಕಡೆ. ಸಂತೆಯಲ್ಲಿ ಹೆಣ್ಣು ಅಂತ ಕೊಟ್ಟ ಮರಿಗಳು ಬೆಳೆದ ಮೇಲೆ ಬಾಲದ ಗರಿ ಸುರುಳಿ ಸುತ್ತಿಕೊಂಡವು. ಮುಕ್ಕಾಲು ಪಾಲು ಗಂಡು! ಮುಂದಿನ ತಂಡಕ್ಕೆ ಶೇಂಗಾ ಹಿಂಡಿ ಹಾಕಿದೆ. ಒಳಗೆ ಬೂಷ್ಟು ಹಿಡಿದಿತ್ತು. ನಾಲ್ಕೈದು ಸತ್ತವು. ಅದೇ ಹಿಂಡಿ ತಿಂದ ಜವಾರಿ ಕೋಳಿ ಆರಾಮ ಇದ್ದವು. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಬಾತಿಗೆ ಬಲು ಬೇಗ ತಾಗುತ್ತದೆ. ಆಮೇಲೆ ಹಿಂಡಿ ಬಂದ್. ಜೋಳದ ನುಚ್ಚು, ಸ್ವಲ್ಪ ಮೀನಿನ ಪುಡಿ, ನೀರಲ್ಲಿ ಕಲಸಿ ಹಾಕುತ್ತೇನೆ. ಇನ್ನೊಂದು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಮರಿಗಳಿಗೆ ಕೋಳಿ ಸ್ಟಾರ್ಟರ್ (ಕೋಳಿ ಮರಿಗಳ ರೆಡಿ ಮೇವು) ಒಂದನ್ನೇ ಹಾಕಿದರೆ ಕಾಲು ಸೊಟ್ಟ ಆಗಬಹುದು. ಬಾತು ಮರಿಗೆ ವಿಟಮಿನ್ ಬಿ3 ಜಾಸ್ತಿ ಬೇಕು. ಅದು ಇರುವ ಬ್ರೂವರ್ಸ್ ಯೀಸ್ಟ್ (ಬಿಯರ್ ಮಾಡುವ ಯೀಸ್ಟ್) ಪುಡಿ ಬೆರೆಸಿದ ಮೇಲೆ ನನ್ನಲ್ಲಿ ಒಂದೂ ಕುಂಟಿಲ್ಲ.

ಈಗಿರುವುದು ಖಾಕಿ ಕ್ಯಾಂಬೆಲ್ ತಳಿಯ ಬಾತು. ಮೊಟ್ಟೆಗೆ ಹೆಸರುವಾಸಿ, ಕಾವು ಕೂರಲು ಸೋಮಾರಿ. ಸುಮ್ನೆ ನೋಡೋಣ ಅಂತ ಜವಾರಿ ಕೋಳಿಯ ಕೆಳಗೆ ಎಂಟು ಮೊಟ್ಟೆ ಇಟ್ಟೆ. ಕೋಳಿಗೆ ಇಪ್ಪತ್ತೊಂದು ದಿನದ ರೂಢಿ, ಬಾತಿಗೆ ಇಪ್ಪತ್ತೆಂಟು. ಪಾಪ, ಆ ಹೆಚ್ಚಿನ ವಾರವೂ ಕೂತಿತು. ಐದು ಮರಿ ಆದವು. ಅವು ನೀರಿಗಿಳಿದಾಗ ಅದರ ಕೂಗಾಟ ಕೇಳಬೇಕಿತ್ತು!

ಚಳಿಗಾಲದಲ್ಲಿ ಐದು ಹೆಣ್ಣಿನಿಂದ ತಿಂಗಳಿಗೆ ನೂರರ ಹತ್ತಿರ ಮೊಟ್ಟೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅರ್ಧಕ್ಕೂ ಕಡಿಮೆ. ಮೇವಿಗೆ ಆರೇಳು ನೂರು ರೂಪಾಯಿ. ಹನ್ನೆರಡು ರೂಪಾಯಿಯಂತೆ ಅರ್ಧ ಮಾರಿದರೆ ಅದು ಹುಟ್ಟುತ್ತದೆ. ಹೆಣ್ಣು ಬಾತಿನ ಗದ್ದಲಕ್ಕೆ ಬಾಜೂ ಮನೆಯ ಕಾಕಾ ತಕರಾರು ತೆಗೆದಿದ್ದರು. ಅವರಿಗೆ ತಿಂಗಳಿಗೆ ಒಂದು ಡಜನ್ ಪುಕ್ಕಟೆ. ಅದನ್ನೂ ಖರ್ಚಿಗೇ ಬರೆದುಕೊಳ್ಳಿ.