ಬಚ್ಚಲ ಬಾಗಿಲ ಮ್ಯಾಟ್: ಕೊಳ್ಳುವುದು ಸುಲಭ, ಒಣಗಿಸುವುದೇ ಕಷ್ಟ

ನಮ್ಮ ದೊಡ್ಡಮ್ಮನ ವಾಷಿಂಗ್ ಮಷಿನ್ ಹೋದ ಮಳೆಗಾಲದಲ್ಲಿ ನಿಂತೇಹೋಯಿತು. ರಿಪೇರಿಯವರು ಫಿಲ್ಟರ್ ಬಿಚ್ಚಿದರೆ ಹಿಡಿಯಷ್ಟು ಬಿಳಿ ರಬ್ಬರ್ ಚೂರು. ಬಾತ್‌ರೂಮ್ ಮ್ಯಾಟಿನ ತಳ! ದೊಡ್ಡಮ್ಮ ಅದನ್ನು ಪ್ರತಿವಾರ ಕುದಿಯುವ ನೀರಲ್ಲಿ ನೆನೆಸಿ, ಬ್ಲೀಚ್ ಸುರಿದು, ತಾರಸಿಯಲ್ಲಿ ತಳ ಮೇಲಾಗಿ ಹರಡುತ್ತಿದ್ದರು. ‘ಚೊಕ್ಕಟ ಆಗ್ಲಿ ಅಂತ ಕಣೋ’ ಅಂದರು.

ಹಂತ 1: ಅಳತೆ. ಸಣ್ಣ ಬಾಗಿಲಿಗೆ 40×60 ಸೆಂಟಿಮೀಟರ್ ಸಾಕು, ಜಾಗವಿದ್ದರೆ 50×80. ಬಾಗಿಲು ಮ್ಯಾಟಿನ ಕಡೆಗೇ ತೆರೆಯುವುದಾದರೆ ಕೆಳಗಿನ ಸಂದು ನೋಡಿಕೊಳ್ಳಿ. ನಮ್ಮ ಬಚ್ಚಲ ನೆಲ ಯಾವಾಗಲೂ ಒದ್ದೆ ಅಲ್ವಾ, ಮ್ಯಾಟ್ ಹೊರಗೇ ಇರಲಿ.

ಹಂತ 2: ಆಯ್ಕೆ. ಹತ್ತಿಯದೇ ತಗೊಳ್ಳಿ. ಶಾವಿಗೆಯಂತೆ ದಪ್ಪ ಎಳೆ ಜೋತಾಡುವ ಮೈಕ್ರೋಫೈಬರ್ ಮ್ಯಾಟೂ ನೀರು ಚೆನ್ನಾಗಿ ಹೀರುತ್ತದೆ, ಆದರೆ ತಲೆಗೂದಲು ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮೆಮೊರಿ ಫೋಮ್ ಮಾತ್ರ ಬೇಡವೇ ಬೇಡ. ಕಾಲಿಗೆ ಹಾಯೆನಿಸುತ್ತದೆ, ಒಳಗಿನ ಸ್ಪಂಜು ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಅಂಗಡಿಯಲ್ಲೇ ತಳ ಮಡಚಿ ನೋಡಿ. ಬಿರುಕು ಕಂಡರೆ, ಬೆರಳಿಗೆ ಪುಡಿ ಹತ್ತಿದರೆ ಅಲ್ಲೇ ಬಿಟ್ಟು ಬನ್ನಿ. ತೆಳು ಕೈಮಗ್ಗದ ಹಾಸು ಬೇಗ ಒಣಗುತ್ತದೆ, ಆದರೆ ಜಾರುತ್ತದೆ. ಅದರ ಕೆಳಗೆ ಜಾರದಂಥ ಬಲೆ ಹಾಸಿ. ಅಂದ ಅಂತ ನವಲಗುಂದದ ಜಮಖಾನ ತಂದು ಒದ್ದೆ ಕಾಲಿಗೆ ಹಾಸಿದವರನ್ನೂ ನೋಡಿದ್ದೇನೆ. ಪಾಪ, ಆ ನೇಯ್ಗೆ! ಬಿಳಿ ಬಣ್ಣ ಬೇಡ, ಒಂದು ಎಣ್ಣೆಸ್ನಾನಕ್ಕೆ ಅದರ ಕಥೆ ಮುಗಿಯಿತು.

ಹಂತ 3: ಒಗೆಯುವುದು. ಎಲ್ಲರೂ ಎಡವುವುದು ಇಲ್ಲೇ. ಮೊದಲು ಹೊರಗೆ ಜೋರಾಗಿ ಒದರಿ, ಕೂದಲು, ಮಣ್ಣು ಬೀಳಲಿ. ತಣ್ಣೀರಿಗೆ ಸ್ವಲ್ಪವೇ ಲಿಕ್ವಿಡ್ ಸೋಪು ಹಾಕಿ 20 ನಿಮಿಷ ನೆನೆಸಿ. ರಾತ್ರಿಯಿಡೀ ನೆನೆಸಬೇಡಿ. ಬಿಸಿನೀರು, ಬ್ಲೀಚ್ ಎರಡೂ ರಬ್ಬರಿಗೆ ಶತ್ರು. ಫ್ಯಾಬ್ರಿಕ್ ಕಂಡೀಷನರ್ ಕೂಡ ಬೇಡ; ಅದು ಎಳೆಗಳ ಮೇಲೆ ಪದರವಾಗಿ ಕೂತು, ನೀರು ಹೀರದ ಹಾಗೆ ಮಾಡುತ್ತದೆ. ಕಲ್ಲಿಗೆ ಬಡಿಯಬೇಡಿ, ಬಕೆಟ್‌ನಲ್ಲಿ ಕಾಲಿಂದ ತುಳಿದರೆ ಸಾಕು. ನೊರೆ ಪೂರ್ತಿ ಹೋಗುವ ತನಕ ಜಾಲಿಸಿ. ಸೋಪು ಉಳಿದರೆ ಒಣಗಿದ ಮೇಲೆ ಎಳೆ ಗಡುಸಾಗುತ್ತದೆ.

ಹಿಂಡಲೇಬೇಡಿ. ತಿರುಚಿದರೆ ತಳ ಬಿಡುತ್ತದೆ. ಹಳೇ ಟವೆಲ್ ಮೇಲೆ ಹಾಸಿ, ಚಾಪೆಯಂತೆ ಸುತ್ತಿ, ಮೊಣಕಾಲೂರಿ ಒತ್ತಿ. ಅರ್ಧ ನೀರು ಟವೆಲ್ಲಿಗೆ ಹೋಗುತ್ತದೆ. ಮಷಿನ್‌ಗೇ ಹಾಕುವುದಾದರೆ ತಣ್ಣೀರು, ಮೆಲ್ಲನೆಯ ಸೈಕಲ್, ಜೊತೆಗೆ ಎರಡು ಟವೆಲ್. ಕಪ್ಪು ಪ್ಯಾಂಟ್ ಜೊತೆ ಹಾಕಿದರೆ ಆಮೇಲೆ ನೂಲು ಕೀಳುತ್ತಾ ಕೂರಬೇಕು.

ಇನ್ನು ಒಣಗಿಸುವುದು. ಒಂದೇ ಹಗ್ಗಕ್ಕೆ ಮಡಚಿ ಹಾಕಿದರೆ ಮಡಿಕೆಯ ಒಳಗೆ ತೇವ ಉಳಿದು ಮುಗ್ಗಲು ವಾಸನೆ ಬರುತ್ತದೆ. ಸ್ಟ್ಯಾಂಡಿನ ಎರಡು ಸರಳಿಗೆ ಅಡ್ಡಲಾಗಿ ಹಾಕಿ, ಅಡಿಯಲ್ಲೂ ಗಾಳಿ ಆಡಬೇಕು. ಎಳೆಯ ಕಡೆಗೆ ಬಿಸಿಲು ಬಿದ್ದರೆ ಪರವಾಗಿಲ್ಲ, ರಬ್ಬರಿನ ಕಡೆಗೆ ಬೀಳಬಾರದು. ಬಿಸಿಲಿಗೆ ರಬ್ಬರ್ ಸೆಟೆದು ಪುಡಿಪುಡಿಯಾಗುತ್ತದೆ. ಮಳೆ ಹಿಡಿದರೆ ಫ್ಯಾನ್ ಕೆಳಗಿಡಿ.

ದಿನವೂ ಕೊನೆಯವರ ಸ್ನಾನ ಮುಗಿದ ಕೂಡಲೇ ಮ್ಯಾಟ್ ಎತ್ತಿ ಬಕೆಟ್ ಅಂಚಿಗೆ ಹಾಕಿ. ಎರಡು ಮ್ಯಾಟ್ ಇದ್ದರೆ ಸರದಿ ಮೇಲೆ ಬಳಸಬಹುದು. ನೆಲಕ್ಕೆ ಆಸಿಡ್ ಹಾಕುವ ದಿನ ಮಾತ್ರ ಅದನ್ನು ಪಕ್ಕದ ಕೋಣೆಗೇ ಸಾಗಿಸಿ.

ತಳ ಉದುರಲು ಶುರುವಾದ ಮ್ಯಾಟ್ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಅದನ್ನು ಒಂದು ದಿನವೂ ಇಡಬೇಡಿ. ದೊಡ್ಡಮ್ಮನ ಹಳೇ ಮ್ಯಾಟ್ ಈಗ ಅವರ ನಾಯಿಯ ಹಾಸಿಗೆ.