ಎಂಜಲಿನ ಜಾಡು ಹಿಡಿದು ಗ್ಲಾಸಿ ಕಾಕಟೂ

ನೆಲ ನೋಡಿಕೊಂಡು ನಡೆದರೆ ಗ್ಲಾಸಿ ಬ್ಲ್ಯಾಕ್ ಕಾಕಟೂ ಅನ್ನುವ ಕಪ್ಪು ಗಿಣಿ ಸಿಗುತ್ತದೆ ಅಂದಾಗ ಸಿಡ್ನಿಯ ನನ್ನ ಹಕ್ಕಿ ಗೆಳೆಯರು ಯಾರೂ ಒಪ್ಪಲಿಲ್ಲ. ಕೂಗು ಕೇಳಿ ಹಿಂದೆ ಹೋಗಬೇಕು ಅಂದರು. ಈ ಹಕ್ಕಿ ಕೂಗುವುದೇ ಕಡಿಮೆ, ಅಲ್ವಾ? ಈ ಚಳಿಗಾಲ ಸಿಡ್ನಿಯಾಚೆಯ ಬೆಟ್ಟಸೀಮೆ ಸದರ್ನ್ ಹೈಲ್ಯಾಂಡ್ಸ್‌ನ ಒಂದು ದಿಣ್ಣೆಗೆ ಹೋದಾಗೆಲ್ಲ ಹೆಚ್ಚುಕಮ್ಮಿ ಸಿಗುತ್ತಿದೆ. ಒಪ್ಪದಿದ್ದವರೇ ಈಗ ಜಾಗ ಕೇಳುತ್ತಿದ್ದಾರೆ.

ಮೊದಲು ಹೋದ ದುಡ್ಡಿನ ಮಾತು. ಪ್ರಾಣಿ ಸುಳಿದರೆ ತಾನೇ ಫೋಟೋ ತೆಗೆಯುವ ಎರಡು ಟ್ರೈಲ್ ಕ್ಯಾಮೆರಾಗೆ 500 ಡಾಲರ್ ಹತ್ತಿರ ಹೋಯಿತು. ಬಂದಿದ್ದು ಪುಟ್ಟ ಕಾಂಗರೂವಿನಂಥ ಸ್ವಾಂಪ್ ವಾಲಬಿ, ನೆಲ ಕೆದಕುವ ಲೈರ್‌ಬರ್ಡ್ ಹಕ್ಕಿ, ಗಾಳಿಗೆ ಅಲ್ಲಾಡುವ ಕೊಂಬೆ. ಕಾಕಟೂ ತಿನ್ನುವುದು ಮರದ ಮೇಲೆ, ಕ್ಯಾಮೆರಾ ಇರುವುದು ಸೊಂಟದೆತ್ತರದಲ್ಲಿ. ಆಮೇಲೆ ಹಳೇ ಸೌಂಡ್ ರೆಕಾರ್ಡರ್ ಒಂದು, 200ರ ಸುಮಾರು. ಬೇಸಿಗೆಯಲ್ಲಿ ಬರೀ ಸಿಕಾಡ ಜೀರುಂಡೆಯ ಸದ್ದು. ಉಳಿದ ಕಾಲದಲ್ಲಿ ಈ ಹಕ್ಕಿಯ ಮೇವಿನ ಮರವಾದ ಶೀ-ಓಕ್‌ನ ಸುಯ್ಯೆನ್ನುವ ಸದ್ದು. ಕಾರವಾರದ ಕಡಲ ದಂಡೆಯ ಗಾಳಿಮರದ ಕೆಳಗೆ ನಿಂತವರಿಗೆ ಆ ಸದ್ದು ಗೊತ್ತು, ಅದೂ ಇದೇ ಕುಟುಂಬದ ಮರ. ಪೆಟ್ರೋಲಿನ ಖರ್ಚು ಬೇರೆ.

ಕೊನೆಗೆ ಕೈ ಹಿಡಿದದ್ದು ಎಂಜಲು, ಅಂದರೆ ಹಕ್ಕಿ ತಿಂದು ಕೆಳಗೆ ಬೀಳಿಸಿದ ಕಾಯಿ. ಕಪ್ಪು ಶೀ-ಓಕ್‌ನ ಹೆಣ್ಣು ಮರದಲ್ಲಿ ಮಾತ್ರ ಕಾಯಿ. ಅದರಲ್ಲೂ ಬೀಜ ಚೆನ್ನಾಗಿ ತುಂಬಿದ ಮರಕ್ಕೇ ಹಕ್ಕಿ ಮತ್ತೆ ಮತ್ತೆ ಬರುತ್ತದೆ. ಪಕ್ಕದ ಮರ ಮೈತುಂಬ ಕಾಯಿ ಹೊತ್ತು ಹಾಗೇ ನಿಂತಿರುತ್ತದೆ. ಸಾಮಾನ್ಯವಾಗಿ ಎಡಗಾಲಲ್ಲಿ ಕಾಯಿ ಹಿಡಿದು, ತಿರುಗಿಸುತ್ತಾ ಸಿಗಿಯುತ್ತದೆ. ಬಿದ್ದದ್ದನ್ನು ಕೈಗೆತ್ತಿಕೊಳ್ಳಿ: ಒಂದು ಪಕ್ಕ ಗಂಟುಗಂಟಾದ ಸಿಪ್ಪೆ ಹಾಗೇ ಇರುತ್ತದೆ, ಇನ್ನೊಂದು ಪಕ್ಕ ನಡುದಿಂಡಿನ ತನಕ ಚಿಂದಿ. ಹೊಸದಾದರೆ ಒಳಗೆ ಕೆನೆಬಣ್ಣ. ಹಳತಾದಂತೆ ಕಿತ್ತಳೆ, ಕಂದು, ಆಮೇಲೆ ಬೂದು.

ಈ ಬಣ್ಣದ ಮೇಲೆ ಭರವಸೆ ಬರಲಿ ಅಂತ ಒಂದಷ್ಟು ಎಂಜಲನ್ನು ಅಲ್ಲೇ ಬಿಸಿಲಲ್ಲಿ, ಒಂದಷ್ಟನ್ನು ನೆರಳಲ್ಲಿ ಸಾಲಾಗಿಟ್ಟೆ. ಮಳೆ ಬಿದ್ದ ವಾರ ಬಿಳಿ ಬೇಗ ಮಾಸಿತು. ಹಾಗಾಗಿ ಮಳೆಯ ನಂತರ ಸಿಕ್ಕ ಬಿಳಿ ಎಂಜಲಿಗೆ ನನ್ನಲ್ಲಿ ಬೆಲೆ ಜಾಸ್ತಿ. ಅದೇ ಓಡಾಟದಲ್ಲಿ ನೀಲಗಿರಿ ಮರವೊಂದರ ಮೇಲೆ ವಿ ಆಕಾರದ ಗಾಯಗಳು ಕಂಡವು. ಮರದಿಂದ ಮರಕ್ಕೆ ತೇಲಿ ಹೋಗುವ ಪ್ರಾಣಿ ಯೆಲೋ-ಬೆಲ್ಲೀಡ್ ಗ್ಲೈಡರ್ ರಸ ಕುಡಿಯಲು ಕಡಿದದ್ದು. ಎರಡು ರಾತ್ರಿ ಅದಕ್ಕೇ ಹೋಯಿತು. ಗೊರಕೆಯಂಥ ಕೂಗು ಕೇಳಿತು, ಪ್ರಾಣಿ ಕಾಣಲಿಲ್ಲ.

ಕಾಲವನ್ನೂ ನೋಡಬೇಕು. ಮಾರ್ಚ್‌ನಿಂದ ಆಗಸ್ಟ್ ತನಕ ಮೊಟ್ಟೆ ಇಡುವ ಸಮಯ, ಒಂದೇ ಮೊಟ್ಟೆ. ಹೆಣ್ಣು ಪೊಟರೆಯಲ್ಲಿ ಕೂತಿರುತ್ತದೆ, ಗಂಡು ತಂದು ತಿನ್ನಿಸುತ್ತದೆ. ಆಗ ತಲೆಯ ಮೇಲೆ ಹಳದಿ ಮಚ್ಚೆ ಇಲ್ಲದ ಗಂಡೊಂದೇ ಹಗಲೆಲ್ಲ ತಿನ್ನುತ್ತಾ ಕಂಡರೆ ಗೂಡು ಇರಬಹುದು. ಸಂಜೆ ಅದು ಹಾರಿದ ದಿಕ್ಕಿಗೆ ನಾನು ಹೋಗುವುದಿಲ್ಲ, ನೀವೂ ಹೋಗಬೇಡಿ. ಬಿಳಿ ಎಂಜಲಿನ ಮರದಿಂದ 20–30 ಮೀಟರ್ ದೂರ ಸುಮ್ನೆ ಕೂತರೆ ಸಾಕು. ಮೊದಲು ಕಾಯಿ ಒಡೆಯುವ ಚಟಚಟ ಕೇಳುತ್ತದೆ, ಬಾಲದ ಕೆಂಪು ಆಮೇಲೆ.

ಹಲವು ಮರದ ಕೆಳಗೆ ಹೊಸ ಎಂಜಲಿದ್ದರೆ ಯಾವುದರ ಹತ್ತಿರ ಕೂರಬೇಕು ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ದಿಣ್ಣೆಯ ಹೆಸರನ್ನೂ ಹೇಳಲ್ಲ. 2019–20ರ ಬೆಂಕಿಯಲ್ಲಿ ಇವುಗಳ ಮೇವಿನ ಮರ ವಿಪರೀತ ಸುಟ್ಟವು, 2022ರಲ್ಲಿ ಹಕ್ಕಿ ಆಸ್ಟ್ರೇಲಿಯಾದ ರಾಷ್ಟ್ರಮಟ್ಟದ ಅಪಾಯದ ಪಟ್ಟಿ ಸೇರಿತು. ಉಳಿದ ಮರಗಳ ಕೆಳಗೆ ಜನ ಸೇರುವುದು ನನಗೆ ಬೇಡ.